ಗುಡ್ಡೆಯ ಸೌದೆ: ಯಾವುದು ಒಲೆಗೆ, ಯಾವುದು ಬಚ್ಚಲಿಗೆ, ಯಾವುದು ಬಿದ್ದಲ್ಲೇ ಇರಲಿ

ಸೌದೆ ಹೆಕ್ಕಲು ಗುಡ್ಡೆಗೆ ಹೋದರೆ ಮೊದಲು ನೋಡಬೇಕಾದ್ದು ಗೆಲ್ಲು ಬಿದ್ದಿರುವ ಜಾಗವನ್ನು. ಮರದ ಹೆಸರು ಆಮೇಲೆ. ಒಂದೇ ಮರುವ ಮರದ ಎರಡು ಗೆಲ್ಲು ತೆಗೆದುಕೊಳ್ಳಿ. ಒಂದು ಪೊದೆಯ ಮೇಲೆ ಸಿಕ್ಕಿಕೊಂಡು ಗಾಳಿಗೆ ಒಣಗಿದೆ, ಇನ್ನೊಂದು ತರಗೆಲೆಯಡಿ ಮಣ್ಣಿಗೆ ತಾಗಿ ಮಲಗಿದೆ. ಮೊದಲನೆಯದು ಒಲೆಯಲ್ಲಿ ಚಟಚಟ ಉರಿಯುತ್ತದೆ, ಎರಡನೆಯದು ಮನೆಯವರ ಕಣ್ಣಲ್ಲಿ ನೀರು ತರಿಸುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ನೆಲಕ್ಕೆ ತಾಗಿದ ಕಟ್ಟಿಗೆ ಒಂದು ಮಳೆಗಾಲ ಕಳೆದರೆ ಅರ್ಧ ಒರಳೆಗೆ (ಗೆದ್ದಲಿಗೆ), ಅರ್ಧ ಅಣಬೆಗೆ. ಹಾಗಾಗಿ ಜನವರಿಯಿಂದ ಏಪ್ರಿಲ್ ತನಕ ಹೆಕ್ಕಿ, ತುಳುವರ ಬೇಶ ತಿಂಗಳ ಹತ್ತರ ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ಕೊಟ್ಟಿಗೆ ತುಂಬಿಸುವುದು ನನ್ನ ಕ್ರಮ. ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಸೌದೆ ಒಳಗಿರಬೇಕು.

ಎಷ್ಟು ಬೇಕು ಎನ್ನುವುದನ್ನು ಲೆಕ್ಕ ಹಾಕಿಯೇ ಹೆಕ್ಕುವುದು ಒಳ್ಳೆಯದು. ಬಚ್ಚಲ ಹಂಡೆಯ 40 ಲೀಟರ್ ನೀರನ್ನು 27 ಡಿಗ್ರಿಯಿಂದ 45ಕ್ಕೆ ಏರಿಸಲು 720 ಕಿಲೋ ಕ್ಯಾಲರಿ ಸಾಕು. ಗಾಳಿಗೆ ಒಣಗಿದ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 3600 ಇದೆ. ಆದರೆ ಹಳೆಯ ಮಾದರಿಯ ಒಲೆ ನೂರಕ್ಕೆ 12-15 ಪಾಲನ್ನಷ್ಟೇ ಪಾತ್ರೆಗೆ ಮುಟ್ಟಿಸುತ್ತದೆ, ಉಳಿದದ್ದು ಗೋಡೆಗೆ, ಗಾಳಿಗೆ. ಆದ್ದರಿಂದ ಒಂದು ಹಂಡೆಗೆ ಒಂದೂವರೆ ಕಿಲೋ. ನಾಲ್ಕು ಜನರ ಮನೆಯಲ್ಲಿ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಹಂಡೆ, ಅಂದರೆ ಆರು ಕಿಲೋ. ಅಡುಗೆ ಒಲೆಗೆ ಇನ್ನೆರಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 120 ದಿನಕ್ಕೆ 960 ಕಿಲೋ, ಹೆಚ್ಚುಕಡಿಮೆ ಒಂದು ಟನ್. ಮಿಶ್ರ ಸೌದೆ ಅಟ್ಟಿ ಹಾಕಿದರೆ ಎಂಟು ಅಡಿ ಉದ್ದ, ನಾಲ್ಕು ಅಡಿ ಎತ್ತರ, ಮೂರು ಅಡಿ ಅಗಲದ ರಾಶಿ.

ಒಣಗಿದೆಯೋ ಇಲ್ಲವೋ ಎಂದು ನೋಡಲು ಕೈ, ಕಿವಿ ಎರಡೂ ಬೇಕು. ಎರಡು ತುಂಡನ್ನು ಒಂದಕ್ಕೊಂದು ಬಡಿದಾಗ 'ಟಣ್' ಎಂದರೆ ಒಣಗಿದೆ, 'ದಬ್' ಎಂದರೆ ಒಳಗೆ ನೀರಿದೆ. ಕಡಿದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಓಡಿರಬೇಕು. ಸಿಪ್ಪೆ ಉಗುರಿಗೆ ಎದ್ದು ಬರಬೇಕು. ಸಂಶಯ ಇದ್ದರೆ ಒಂದು ತುಂಡನ್ನು ತೂಗಿ, ಮಾರ್ಚ್ ಬಿಸಿಲಿನಲ್ಲಿ ವಾರ ಇಟ್ಟು ಮತ್ತೆ ತೂಗಿ. ಕಿಲೋಗೆ ನೂರು ಗ್ರಾಂ ಇಳಿದರೆ ಅದು ಇನ್ನೂ ಒಲೆಗೆ ಸಿದ್ಧವಾಗಿಲ್ಲ. ಹಸಿ ಕಟ್ಟಿಗೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಆ ನೀರನ್ನು ಆವಿ ಮಾಡಲು ಖರ್ಚಾಗುವ ಶಾಖ ಅಂಥ ದೊಡ್ಡದಲ್ಲ. ದೊಡ್ಡ ನಷ್ಟ ಬೇರೆ: ಬೆಂಕಿ ತಣಿದು, ಉರಿಯಬೇಕಾದ ಅನಿಲವೆಲ್ಲ ಹೊಗೆಯಾಗಿ ಹೋಗಿ ಹೆಂಚಿನಡಿ ಇಲ್ಲಣವಾಗಿ ಕೂರುತ್ತದೆ.

ಮರದ ಹೆಸರು ಆಮೇಲೆ ಎಂದೆನಲ್ಲ, ಅದಕ್ಕೆ ಒಂದು ದೊಡ್ಡ ಅಪವಾದ ಇದೆ: ಚೇರೆ. ಮಲಯಾಳದಲ್ಲಿ ಚೇರ್. ಇದೊಂದನ್ನು ಗುರುತು ಹಿಡಿಯಲು ಬಾರದವರು ಗುಡ್ಡೆಗೆ ಕತ್ತಿ ಹಿಡಿದು ಹೋಗಬಾರದು. ಮರ ನೆಟ್ಟಗೆ ಬೆಳೆಯುತ್ತದೆ, ಎಲೆಗಳು ಗೆಲ್ಲಿನ ತುದಿಯಲ್ಲಿ ಗೊಂಚಲಾಗಿ ಇರುತ್ತವೆ. ಎಲೆ ಉದ್ದ, ತುದಿಯ ಕಡೆ ಅಗಲ, ಬುಡದ ಕಡೆ ಕಿರಿದು. ಎಳೆಯ ಎಲೆಯ ತೊಟ್ಟಿನ ಮೇಲೆ ಮುಳ್ಳಿನಂಥ ಎರಡು ಸಣ್ಣ ಗಂಟು ಕಾಣುತ್ತದೆ. ಆದರೆ ಬಿದ್ದ ಗೆಲ್ಲಿನಲ್ಲಿ ಎಲೆ ಎಲ್ಲಿಂದ? ಆಗ ನೋಡಬೇಕಾದ್ದು ಸಿಪ್ಪೆಯ ಮೇಲೆ ಡಾಮರು ಸುರಿದ ಹಾಗೆ ಒಣಗಿದ ಕಪ್ಪು ಗೆರೆಗಳನ್ನು. ಇದರ ಸೊನೆ ಗಾಳಿ ತಾಗಿದ ಕೂಡಲೇ ಕಪ್ಪಾಗುತ್ತದೆ. ತಾಗಿದರೆ ಕೆಲವರಿಗೆ ಕೂಡಲೇ ಉರಿ, ಹೆಚ್ಚಿನವರಿಗೆ ಒಂದೆರಡು ದಿನ ಬಿಟ್ಟು ತುರಿಕೆ, ಬಾವು, ನೀರುಗುಳ್ಳೆ. ಒಣಗಿದರೆ ಏನೂ ಮಾಡುವುದಿಲ್ಲ ಎಂಬ ಮಾತು ಸುಳ್ಳು, ಸೊನೆಯ ಗುಣ ಒಣ ಸಿಪ್ಪೆಯಲ್ಲೂ ಉಳಿಯುತ್ತದೆ. ಸುಟ್ಟರೆ ಹೊಗೆಯ ಜೊತೆ ಮುಖಕ್ಕೂ ಶ್ವಾಸಕ್ಕೂ ಹೋಗುತ್ತದೆ. ಹಾಗಾಗಿ ಚೇರೆ ಬಚ್ಚಲ ಒಲೆಗೂ ಬೇಡ. ತಾಗಿದ್ದು ಗೊತ್ತಾದರೆ ಆ ಕ್ಷಣವೇ ತಣ್ಣೀರಿನಲ್ಲಿ ಸಾಬೂನು ಹಾಕಿ ಎರಡು ಮೂರು ಸಲ ತೊಳೆಯಬೇಕು, ಉಗುರಿನಡಿಯನ್ನೂ. ಕತ್ತಿಯ ಹಿಡಿ, ಸೌದೆ ಕಟ್ಟಿದ ಹಗ್ಗ, ತಲೆಯ ಮುಟ್ಟಾಳೆ ಎಲ್ಲವನ್ನೂ ತೊಳೆಯಬೇಕು. ಮೂರು ದಿನ ಬಿಟ್ಟು ಹಗ್ಗದಿಂದಲೇ ಇನ್ನೊಬ್ಬರಿಗೆ ಹತ್ತುವುದುಂಟು. ಚೇರೆ ತಾಗಿದ್ದು ಇಳಿಯಲು ತಾರೆ ಮರಕ್ಕೆ ಸುತ್ತು ಬನ್ನಿ ಎನ್ನುವ ಹಿರಿಯರು ಇದ್ದಾರೆ. ಬನ್ನಿ, ಆದರೆ ಸಾಬೂನು ಹಾಕಿ ತೊಳೆದ ಮೇಲೆ.

ಗೇರು ಇದೇ ಕುಟುಂಬದ್ದು, ಆದರೆ ಇಷ್ಟು ಕ್ರೂರಿ ಅಲ್ಲ. ಹಸಿ ಸಿಪ್ಪೆಯ ಸೊನೆ ಕೈಗೆ ಕಪ್ಪು ಕಲೆ ಹಿಡಿಸುತ್ತದೆ, ಒಣಗಿದ ಗೆಲ್ಲು ಸಾಧಾರಣ ಒಳ್ಳೆಯ ಸೌದೆ. ತಪ್ಪಾಗುವುದು ಗೇರುಬೀಜದ ಸಿಪ್ಪೆಯಲ್ಲಿ. ಅದರಲ್ಲಿ ಎಣ್ಣೆ ಇರುವುದರಿಂದ ಬೆಂಕಿ ಚೆನ್ನಾಗಿ ಹತ್ತುತ್ತದೆ ಎಂದು ಒಲೆಗೆ ತುರುಕುತ್ತಾರೆ. ಆ ಹೊಗೆ ಗಂಟಲು, ಕಣ್ಣು ಎರಡನ್ನೂ ಕೆಡಿಸುತ್ತದೆ. ಕಾಸರಕದ್ದು (ಮಲಯಾಳದ ಕಾಞಿರ) ಗಟ್ಟಿ ಮರ, ಕಹಿ, ಬೀಜ ವಿಷ. ಬಚ್ಚಲಿಗೆ ಹಾಕುತ್ತೇನೆ, ಅಡುಗೆ ಒಲೆಗೆ ಇಲ್ಲ. ಕಣಗಿಲೆ ಮತ್ತು ಬೇಲಿಯ ಕಳ್ಳಿ ಎರಡಕ್ಕೂ ಅಲ್ಲ.

ಉಳಿದವನ್ನು ತೂಕದಿಂದಲೇ ವಿಂಗಡಿಸಬಹುದು. ತಿರುವ (ಮಲಯಾಳಿಗಳ ಇರುಳ್), ಮರುವ, ಮತ್ತಿ ಕೈಗೆ ಭಾರ. ಹತ್ತಲು ನಿಧಾನ, ಕೆಂಡ ಗಂಟೆಗಟ್ಟಲೆ. ಕುಚ್ಚಲಕ್ಕಿ ಬೇಯಲು ಇವೇ ಸರಿ, ಏಕೆಂದರೆ ಪದೇ ಪದೇ ಒಲೆ ಬುಡಕ್ಕೆ ಬರಬೇಕಾಗುವುದಿಲ್ಲ. ಕರಾವಳಿ ಕಡೆಯ ಗಾಳಿಮರ ಇವಕ್ಕೂ ಒಂದು ಕೈ ಮೇಲು, ಸ್ವಲ್ಪ ಹಸಿ ಇದ್ದರೂ ಉರಿಯುತ್ತದೆ. ರಸ್ತೆ ಬದಿಯ ಅಕೇಶಿಯಾ ಕೂಡ ಒಳ್ಳೆಯದೇ, ಆದರೆ ಹಸಿಯಲ್ಲೇ ಸೀಳಿಡಬೇಕು. ಒಣಗಿದ ಮೇಲೆ ಗಂಟಿರುವ ಬೊಡ್ಡೆ ಕೊಡಲಿಯನ್ನು ಕಚ್ಚಿ ಹಿಡಿಯುತ್ತದೆ. ಗೊಬ್ಬರದ ಗಿಡದ (ಗ್ಲಿರಿಸಿಡಿಯಾದ) ಬೆರಳು ದಪ್ಪದ ಗೆಲ್ಲು ದೋಸೆಗೆ ಹೇಳಿ ಮಾಡಿಸಿದ್ದು. ಹಲಸಿನ ಹಳದಿ ಚಕ್ಕೆ ಸಿಕ್ಕರೆ ಬೇರೆ ಕಟ್ಟಿಡಿ, ಹೋಮಕ್ಕೆ ಯಾರಾದರೂ ಕೇಳಿಯೇ ಕೇಳುತ್ತಾರೆ. ರಬ್ಬರ್ ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ, ಮಸಿ ಜಾಸ್ತಿ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟರೆ ಹುಳ ಕೊರೆದು ಹಿಟ್ಟು ಉದುರುತ್ತದೆ. ಹಾಲೆ, ಬೂರುಗ, ಉಪ್ಪಳಿಗೆ ಇವೆಲ್ಲ ಹಗುರ, ಬೆಂಕಿ ಹತ್ತಿಸಲು ಸೀಳಿಟ್ಟುಕೊಳ್ಳಬಹುದು ಅಷ್ಟೆ. ತಲೆಹೊರೆಯಲ್ಲಿ ತರುವಷ್ಟು ಬೆಲೆ ಅವಕ್ಕಿಲ್ಲ.

ಮೀಸಲು ಅರಣ್ಯದಲ್ಲಿ ಬಿದ್ದ ಒಣಗೆಲ್ಲು ಕೂಡ ಅರಣ್ಯ ಇಲಾಖೆಯ ಸೊತ್ತೇ. ಕಾರಡ್ಕ, ಮುಳಿಯಾರು ಕಡೆಯವರು ಗಡಿ ಕಲ್ಲು ನೋಡಿಕೊಂಡು ಹೆಕ್ಕುವುದು ಕ್ಷೇಮ. ಹೊಳೆಯಲ್ಲಿ ಬಂದು ದಡ ಸೇರಿದ ಸಣ್ಣ ಸೌದೆ ಬೇಗ ಒಣಗುತ್ತದೆ, ನೀರಿನಲ್ಲಿ ಅದರ ರಸವೆಲ್ಲ ತೊಳೆದು ಹೋಗಿರುತ್ತದೆ. ಬಿರುಕಿನಲ್ಲಿ ಹೊಯಿಗೆ (ಮರಳು) ಇರುವುದರಿಂದ ಕೊಡಲಿ ಹಾಕುವ ಮೊದಲು ಬಡಿದು ಕೊಡವಬೇಕು, ಇಲ್ಲದಿದ್ದರೆ ಬಾಯಿ ಹೋಗುತ್ತದೆ. ಕಡಲ ದಡದ ಕಟ್ಟಿಗೆ ಮಾತ್ರ ಬೇಡ. ಉಪ್ಪು ಹಂಡೆಯ ತಳವನ್ನೂ ಒಲೆಯ ಕಬ್ಬಿಣವನ್ನೂ ತಿನ್ನುತ್ತದೆ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಮದ್ದು ಹಾಕಿದ ಕಂಬದ ತುಂಡು ಯಾವ ಒಲೆಗೂ ಸಲ್ಲ. ಅವುಗಳ ಬೂದಿ ತೆಂಗಿನ ಬುಡಕ್ಕೂ ಸಲ್ಲ.

ನಿಜವಾಗಿ ನೋಡಿದರೆ ನಮ್ಮ ಕಡೆಯ ದೊಡ್ಡ ಸೌದೆ ಗುಡ್ಡೆಯಲ್ಲಿಲ್ಲ, ತೋಟದಲ್ಲಿದೆ. ಒಂದು ತೆಂಗಿನ ಮರ ತಿಂಗಳಿಗೆ ಒಂದರಂತೆ ವರ್ಷಕ್ಕೆ ಸುಮಾರು 12 ಮಡಲು ಬೀಳಿಸುತ್ತದೆ. ಮೂವತ್ತು ಮರಕ್ಕೆ 360. ಮಡಲು ಬಿದ್ದ ವಾರದೊಳಗೆ ಮೂರು ಭಾಗ ಮಾಡಬೇಕು: ಗರಿ ಬೆಂಕಿ ಹತ್ತಿಸಲು, ನಡುವಿನ ದಂಡು ದೋಸೆ ಒಲೆಗೆ, ಬುಡದ ಕೊತ್ತಳಿಗೆ ಬಚ್ಚಲಿಗೆ. ಕೊತ್ತಳಿಗೆ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಅದನ್ನು ಉದ್ದಕ್ಕೆ ಎರಡಾಗಿ ಸೀಳದೆ ಒಣಗಲು ಹಾಕಿದರೆ ಮೇಲೆ ಒಣಗಿದಂತೆ ಕಂಡರೂ ತಿರುಳು ಮೇ ತಿಂಗಳಲ್ಲೂ ಹಸಿಯಾಗಿರುತ್ತದೆ. ಗೆರಟೆ (ತೆಂಗಿನ ಚಿಪ್ಪು) ಜೋರು ಉರಿ, ಕಡಿಮೆ ಹೊಗೆ. ಹಲಸಿನ ಹಪ್ಪಳ ಸುಡಲು ಅದರ ಕೆಂಡಕ್ಕೆ ಸಮ ಇಲ್ಲ. ಆದರೆ ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಹಾಕಿದರೆ ಜ್ವಾಲೆ ಪಾತ್ರೆಯ ಬಾಯಿಗೇ ಬರುತ್ತದೆ. ತೆಂಗಿನಕಾಯಿ ಸಿಪ್ಪೆ ಇದಕ್ಕೆ ತದ್ವಿರುದ್ಧ: ರಾತ್ರಿ ಬಚ್ಚಲ ಒಲೆಯ ಕೆಂಡದ ಮೇಲೆ ಎರಡು ಒಣ ಸಿಪ್ಪೆ ಕವುಚಿ ಬೂದಿ ಎಳೆದರೆ ಬೆಳಗ್ಗೆ ಕಡ್ಡಿಪೆಟ್ಟಿಗೆ ಬೇಡ. ಸತ್ತ ಅಡಕೆ ಮರದ ಸಲಕೆ (ಉದ್ದ ಸೀಳು) ಚೆನ್ನಾಗಿ ಉರಿಯುತ್ತದೆ, ಎಳೆ ಮಾತ್ರ ಸೂಜಿಯ ಹಾಗೆ ಕೈಗೆ ಚುಚ್ಚುತ್ತದೆ.

ಅಟ್ಟಿ ಹಾಕುವ ಕ್ರಮ: ಕೆಳಗೆ ಎರಡು ಸಾಲು ಮುರಕಲ್ಲು (ಕೆಂಪುಕಲ್ಲು), ಮೇಲೆ ಅಡ್ಡಕ್ಕೆ ಅಡಕೆ ಸಲಕೆ, ನೆಲದಿಂದ ಒಂದಡಿ ಎತ್ತರ. ಗೋಡೆಯಿಂದ ಒಂದು ಗೇಣು ಬಿಡಬೇಕು. ಗೋಡೆಗೆ ತಾಗಿಸಿದರೆ ಒರಳೆ ಅಲ್ಲಿಂದಲೇ ಹತ್ತುತ್ತದೆ. ಅಡುಗೆ ಒಲೆಯದ್ದು ಒಂದೂವರೆ ಅಡಿ, ಬಚ್ಚಲಿನದ್ದು ಎರಡೂವರೆ ಅಡಿ ಉದ್ದ, ಎರಡೂ ಬೇರೆ ಬೇರೆ. ಮಣಿಕಟ್ಟಿಗಿಂತ ದಪ್ಪ ಇದ್ದದ್ದನ್ನೆಲ್ಲ ಸೀಳಬೇಕು. ಮೇಲಿನ ಸಾಲಿನ ಸಿಪ್ಪೆ ಆಕಾಶಕ್ಕೆ ಇರಲಿ. ತಾರ್ಪಾಲು ಮೇಲೆ ಮಾತ್ರ ಹೊದೆಸಿ; ಸುತ್ತ ಕಟ್ಟಿದರೆ ಒಳಗಿನ ತೇವ ಹೊರಹೋಗದೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಿಳಿ ಬೂಸಲು ಬರುತ್ತದೆ. ಎಡೆಯಲ್ಲಿ ಚೇಳು, ಕೊಳಕುಮಂಡಲ ಸೇರಿಕೊಳ್ಳುವುದರಿಂದ ತೆಗೆಯುವ ಮೊದಲು ಕೋಲಿನಿಂದ ಎರಡೇಟು ಬಡಿಯಬೇಕು, ಮೇಲಿನಿಂದಲೇ ತೆಗೆಯಬೇಕು.

ಮಳೆಗಾಲದಲ್ಲಿ ಮೂರು ದಿನದ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇರಲಿ. ಹತ್ತಿಸುವಾಗ ತೆಂಗಿನ ಮಡಲಿನ ಬುಡದಲ್ಲಿ ಸಿಗುವ ಬಟ್ಟೆಯಂಥ ಬಲೆ ಒಂದು ಹಿಡಿ, ಅದರ ಮೇಲೆ ಸೀಳಿದ ಹೊಂಬಾಳೆಯ ಪಾಳೆ, ಒಂದು ಗೆರಟೆಯ ಚೂರು, ಆಮೇಲೆ ಎರಡು ತೆಳು ಕಟ್ಟಿಗೆ ಸಮಾನಾಂತರವಾಗಿ, ನಡುವೆ ಎರಡು ಬೆರಳು ಜಾಗ. ದಪ್ಪ ಕೊಳ್ಳಿ ಕೆಂಡ ಬಿದ್ದ ಮೇಲೆಯೇ. ಬೆಂಕಿ ಸಾಯುವುದು ಹೆಚ್ಚಾಗಿ ಕಟ್ಟಿಗೆಯಿಂದಲ್ಲ, ಒಲೆಯ ಬಾಯಿ ತುಂಬಿದ ಹಳೆಯ ಬೂದಿಯಿಂದ. ಊದುಗೊಳವೆ ಹಿಡಿಯುವ ಮೊದಲು ಬೂದಿ ಎಳೆಯಿರಿ.

ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಲಡ್ಡು ಕಟ್ಟಿಗೆಯನ್ನು ಎಸೆಯಬೇಕಾಗಿಲ್ಲ. ಅದು ಉರಿಯುವುದಿಲ್ಲ, ಹೊಗೆಯಾಡುತ್ತಾ ಇರುತ್ತದೆ. ಒಡೆದ ಮಡಕೆಯಲ್ಲಿ ಎರಡು ಕೆಂಡ, ಮೇಲೆ ಎರಡು ಮುಷ್ಟಿ ಲಡ್ಡು ಪುಡಿ, ಅದರ ಮೇಲೆ ಒಂದು ಹಿಡಿ ಹಸಿ ಬೇವಿನ ಸೊಪ್ಪು: ಸಂಜೆ ಹಟ್ಟಿಯ ಬಾಗಿಲ ಬದಿ, ಬೈಹುಲ್ಲಿನಿಂದ ಆರು ಅಡಿ ದೂರ ಇಟ್ಟರೆ ದನಗಳಿಗೆ ನುಸಿಯ (ಸೊಳ್ಳೆಯ) ಕಾಟ ಕಡಿಮೆಯಾಗುತ್ತದೆ.