ನೀರಿನ ಒತ್ತಡ ಕಡಿಮೆಯಿರುವ ಮನೆಗೆ ಎಂಥ ಶವರ್ ಬೇಕು?

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಒಂದು ಅಳತೆ ತೆಗೆಯಿರಿ: ಶವರ್‌ನಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಎಷ್ಟು ಎತ್ತರ? 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಟ್ಯಾಂಕು ಬಚ್ಚಲಿನ ನೇರ ಮೇಲೆ, 2 ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 0.2 ಬಾರ್ ಮಾತ್ರ. ಟ್ಯಾಂಕು 500 ಲೀಟರಿನದಾಗಲಿ, 2,000 ಲೀಟರಿನದಾಗಲಿ, ಲೆಕ್ಕಕ್ಕೆ ಬರುವುದು ಎತ್ತರವೇ. ಶವರ್ ಡಬ್ಬಿಯ ಮೇಲಿನ ಕನಿಷ್ಠ ಒತ್ತಡ ಇದಕ್ಕಿಂತ ಹೆಚ್ಚಿದ್ದರೆ ಅದನ್ನು ಕೊಳ್ಳಬೇಡಿ.

ಆಮೇಲೆ ಹಳೆಯ ಶವರ್ ಬಿಚ್ಚಿ, ಬೇರೆ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಬರಿ ಪೈಪಿನಿಂದ 10 ಲೀಟರ್ ಬಕೆಟ್ ತುಂಬಿಸಿ. ಒಂದು ನಿಮಿಷದೊಳಗೆ ತುಂಬಿದರೆ ಪೈಪು ಸರಿಯಿದೆ, ತೊಂದರೆ ಶವರ್‌ನದು. ಅದರ ಕುತ್ತಿಗೆಯೊಳಗಿನ ಜಾಲರಿ ಕಟ್ಟಿಕೊಂಡಿರಬಹುದು, ಗಡಸು ನೀರಿನ ಸುಣ್ಣ ತೂತುಗಳನ್ನು ಮುಚ್ಚಿರಬಹುದು. ಅರ್ಧ ಗಂಟೆ ವಿನಿಗರ್‌ನಲ್ಲಿ ನೆನೆಸಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ನೋಡಿ. ಹೊಸದು ಬೇಕಾಗದೆಯೂ ಇರಬಹುದು. ಬಕೆಟ್ ತುಂಬಲು ಎರಡು ನಿಮಿಷ ದಾಟಿದರೆ ಶವರ್ ಬದಲಿಸಿ ಪ್ರಯೋಜನವಿಲ್ಲ. ಅರ್ಧ ತೆರೆದ ವಾಲ್ವ್, ಸಾಲುಸಾಲು ಎಲ್ಬೋ (ಪೈಪನ್ನು ತಿರುಗಿಸುವ ಜೋಡಣೆ), ಟ್ಯಾಂಕಿನಿಂದಲೇ ಶುರುವಾದ ಅರ್ಧ ಇಂಚಿನ ಪೈಪು ಇವನ್ನು ನೋಡಿ. ಟ್ಯಾಂಕಿನಿಂದ ಬಚ್ಚಲಿನವರೆಗೆ ಒಂದು ಇಂಚು ಅಥವಾ ಮುಕ್ಕಾಲು ಇಂಚಿನ ಪೈಪಿದ್ದು, ಕೊನೆಯ ತುಂಡು ಮಾತ್ರ ಅರ್ಧ ಇಂಚಿನದಾಗಿರಬೇಕು.

ಈಗ ಆಯ್ಕೆ. 200 ಮಿಲಿಮೀಟರಿನ ರೇನ್ ಶವರ್ ಚೆಂದ ಕಾಣುತ್ತದೆ, ಆದರೆ ಇಂಥ ಮನೆಗೆ ಖಂಡಿತ ಬೇಡ. ತೂತುಗಳು ಜಾಸ್ತಿಯಾದಷ್ಟೂ ಪೈಪಿನಲ್ಲಿ ಹೆಚ್ಚು ನೀರು ಹರಿಯಬೇಕು, ಆ ಹರಿವಿನ ಘರ್ಷಣೆಯೇ ಇರುವ ಅಲ್ಪ ಒತ್ತಡವನ್ನು ತಿಂದುಹಾಕುತ್ತದೆ. ಕೊನೆಗೆ ನೀರು ಚಿಮ್ಮದೆ ತೊಟ್ಟಿಕ್ಕುತ್ತದೆ. 75ರಿಂದ 100 ಮಿಲಿಮೀಟರಿನ, ಕಡಿಮೆ ತೂತುಗಳ ಶವರ್ ಕೊಳ್ಳಿ. ತೂತುಗಳು ರಬ್ಬರಿನವಾದರೆ ಬೆರಳಿನಿಂದ ಉಜ್ಜಿದರೂ ಸುಣ್ಣ ಉದುರುತ್ತದೆ. ಒಳಗೆ ನೀರು ಉಳಿಸುವ ಪ್ಲಾಸ್ಟಿಕ್ ಬಿಲ್ಲೆಯಿದ್ದರೆ, ಅದು ಬಿಚ್ಚಲು ಬರುತ್ತದೆಯೇ ಎಂದು ಕೇಳಿ.

ನಮ್ಮ ಮೊದಲ ಆಯ್ಕೆ ಹ್ಯಾಂಡ್ ಶವರ್. ಒಂದು ಮೀಟರ್ ಕೆಳಗೆ ಹಿಡಿದರೆ 0.1 ಬಾರ್ ಹೆಚ್ಚುತ್ತದೆ, 0.2 ಇದ್ದ ಕಡೆ ಅದು ದೊಡ್ಡ ಲಾಭ. ಕೊಳವೆಯ ಒಳರಂಧ್ರ ಕಿರಿದಾಗಿದ್ದರೆ ಮಾತ್ರ ಆ ಲಾಭ ಅಲ್ಲೇ ಕರಗುತ್ತದೆ.

ಬಿಸಿನೀರಿಗೆ ಟ್ಯಾಂಕ್ ಇರುವ ಗೀಸರೇ ಸರಿ. ಹರಿವು ಸಾಲದಿದ್ದರೆ ಇನ್‌ಸ್ಟಂಟ್ ಗ್ಯಾಸ್ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ. ಬಿಸಿ, ತಣ್ಣೀರು ಎರಡೂ ಒಂದೇ ಟ್ಯಾಂಕಿನಿಂದ ಬರಲಿ. ಇಲ್ಲವಾದರೆ ಒತ್ತಡ ಹೆಚ್ಚಿರುವ ಕಡೆಯ ನೀರು, ಬಿಸಿ-ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯಲ್ಲಿ ಇನ್ನೊಂದನ್ನು ತಡೆಯುತ್ತದೆ.

ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಪ್ರೆಷರ್ ಪಂಪ್ ಬೇಕು. ಫ್ಲೋ ಸ್ವಿಚ್ ಇರುವ ಪಂಪು ಶುರುವಾಗಲು ನೀರು ತಾನಾಗಿ ಸ್ವಲ್ಪವಾದರೂ ಹರಿಯಬೇಕು. ಶವರ್ ಟ್ಯಾಂಕಿನ ಮಟ್ಟದಲ್ಲೇ ಇದ್ದರೆ ಪೈಪಿನ ಒತ್ತಡ ಇಳಿದಾಗ ಶುರುವಾಗುವ, ಪ್ರೆಷರ್ ಸ್ವಿಚ್‌ನ ಪಂಪನ್ನು ತನ್ನಿ. ಪಂಪನ್ನು ಟ್ಯಾಂಕಿನಿಂದ ಹೊರಬರುವ ಪೈಪಿಗೆ, ಗೀಸರಿನ ಕವಲಿಗಿಂತ ಮೊದಲೇ ಕೂರಿಸಿ, ಗೀಸರ್ ತಾಳುವ ಗರಿಷ್ಠ ಒತ್ತಡವನ್ನೂ ನೋಡಿಕೊಳ್ಳಿ.

ಹೊಸ ಶವರ್ ಜೋಡಿಸುವ ಮುನ್ನ ಪೈಪಿನಲ್ಲಿ ಅರ್ಧ ನಿಮಿಷ ನೀರು ಬಿಡಿ. ಟೆಫ್ಲಾನ್ ಟೇಪಿನ ಚೂರು, ಮರಳು ಮೊದಲ ದಿನವೇ ಜಾಲರಿಗೆ ಸಿಕ್ಕಿಕೊಳ್ಳುವುದು ಹೀಗೆ ತಪ್ಪುತ್ತದೆ.