ಹಿತ್ತಲಲ್ಲಿ ಬೆಂಕಿ ಗುಂಡಿ: ಪಕ್ಕದ ಮನೆಯವರು ಕೆಮ್ಮದ ಹಾಗೆ

1884ರ ಜನವರಿಯಲ್ಲಿ ಬೆಂಗಳೂರಿನ ಚಳಿ 7.8 ಡಿಗ್ರಿಗೆ ಇಳಿದಿತ್ತು. ಈಗಿನ ಚಳಿಗೆ ಒಂದು ಸ್ವೆಟರ್ ಸಾಕು. ಆದರೂ ಡಿಸೆಂಬರ್ ಸಂಜೆ ಹಿತ್ತಲಲ್ಲಿ ಬೆಂಕಿ ಹಾಕಿ ಕಡಲೆಕಾಯಿ ಸುಡುವ ಖುಷಿನೇ ಬೇರೆ, ಅಲ್ವಾ? ಹೋದ ವರ್ಷ ಇಂಥ ಮೂರು ಮನೆಗೆ ಹೋಗಿದ್ದೆ. ಮೂರರಲ್ಲೂ ಮಾತಿಗಿಂತ ಕೆಮ್ಮೇ ಜಾಸ್ತಿ.

ಮೊದಲು ಜಾಗ. ಗೋಡೆ, ಶೆಡ್, ತೆಂಗಿನ ಮರದಿಂದ ಕನಿಷ್ಠ 10 ಅಡಿ ದೂರ ಇರಲಿ. ತಲೆ ಮೇಲೆ ಕೊಂಬೆ, ಕೇಬಲ್ ಇರಬಾರದು. 30×40 ಅಡಿ ಸೈಟಿನವರು ಈ ಆಸೆ ಬಿಡುವುದೇ ಒಳ್ಳೆಯದು. ಟೆರೇಸ್ ಇದೆಯಲ್ಲ ಅನ್ನಬೇಡಿ, ಅಲ್ಲಿ ಪ್ಲಾಸ್ಟಿಕ್ ಟ್ಯಾಂಕೂ ಇದೆ.

ಮೂರಡಿ ಅಗಲ, ಅರ್ಧ ಅಡಿ ಆಳ ಅಗೆಯಿರಿ. ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಎರಡು ಇಂಚು ಮರಳು ತುಂಬಿ. ಸುತ್ತ ಸುಟ್ಟ ಇಟ್ಟಿಗೆ ಮೂರು ಸಾಲು, ಸಿಮೆಂಟ್ ಬೇಡ. ಕೆಳಗಿನ ಸಾಲಿನಲ್ಲಿ ಇಟ್ಟಿಗೆ ಇಟ್ಟಿಗೆ ನಡುವೆ ಎರಡು ಬೆರಳು ಸಂದು ಬಿಡಿ. ಗಾಳಿ ಬರುವುದು ಅಲ್ಲಿಂದಲೇ.

ಚಂದ ಕಾಣಲಿ ಅಂತ ಒಳಗೆ ಸಾದರಹಳ್ಳಿ ಗ್ರಾನೈಟ್ ಕಲ್ಲು ಕೂರಿಸುವವರಿದ್ದಾರೆ. ದಯವಿಟ್ಟು ಬೇಡ. ಹಿಂದೆ ಬೆಂಗಳೂರಿನ ಸುತ್ತಮುತ್ತ ಬಂಡೆ ಮೇಲೆ ಸೌದೆ ಉರಿಸಿಯೇ ಚಪ್ಪಡಿ ಎಬ್ಬಿಸುತ್ತಿದ್ದರು. ಮೇಲಿನ ಪದರ ಕಾದು ಹಿಗ್ಗಿ, ಕೆಳಗಿನ ತಣ್ಣನೆ ಕಲ್ಲಿನಿಂದ ಬಿಟ್ಟುಕೊಳ್ಳುತ್ತಿತ್ತು. ನಿಮ್ಮ ಗುಂಡಿಯಲ್ಲೂ ಆಗುವುದು ಅದೇ. ಕಲ್ಲು ನೀರು ಕುಡಿದಿದ್ದರೆ ಸಿಡಿದು ಚೂರು ಮುಖಕ್ಕೇ ಬರಬಹುದು. ಆನ್‌ಲೈನ್‌ನಲ್ಲಿ ಸಿಗುವ ತೆಳು ತಗಡಿನ ಬಟ್ಟಲೂ ಬೇಡ. ನಾನು ತಂದದ್ದು ಒಂದು ಮಳೆಗಾಲಕ್ಕೇ ತೂತಾಯಿತು.

ಸೌದೆಗೆ ಸರ್ವೆ, ಜಾಲಿ ಒಳ್ಳೆಯದು. ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ‘ಟಣ್’ ಅಂದರೆ ಒಣಗಿದೆ, ‘ದಬ್’ ಅಂದರೆ ಇನ್ನೂ ಹಸಿ. ಪ್ಲೈವುಡ್, ಬಣ್ಣದ ಬಾಗಿಲಿನ ಚೂರು ಹಾಕಬೇಡಿ, ಅದರ ಹೊಗೆ ವಿಷ. ಹಾಗೇ ಕಸವನ್ನೂ ಇಲ್ಲೇ ಸುಟ್ಟುಬಿಡೋಣ ಅನ್ನಬೇಡಿ, ಅದು ಕಾನೂನಿಗೇ ವಿರುದ್ಧ.

ಇನ್ನು ಹಚ್ಚುವುದು. ಎಲ್ಲರೂ ಎಡವುವುದು ಇಲ್ಲೇ. ಕೆಳಗೆ ಪೇಪರ್ ತುರುಕುತ್ತಾರೆ, ಮೇಲೆ ದಪ್ಪ ಸೌದೆ ಹೇರುತ್ತಾರೆ, ಸೀಮೆಎಣ್ಣೆ ಸುರಿಯುತ್ತಾರೆ. ಎಣ್ಣೆ ಭಗ್ಗೆಂದು ಉರಿದು ಮುಗಿಯುತ್ತದೆ, ಸೌದೆ ಮಾತ್ರ ಹೊಗೆಯಾಡುತ್ತಾ ಕೂರುತ್ತದೆ. ಹೊಗೆ ಅಂದರೆ ಪೂರ್ತಿ ಉರಿಯದ ಸೌದೆಯೇ. ಅದು ಉರಿಯ ಒಳಗೆ ಹಾದುಹೋದರೆ ಬಹುಪಾಲು ಉರಿದುಹೋಗುತ್ತದೆ. ಹಾಗಾಗಿ ಉರಿ ಮೇಲಿರಬೇಕು, ಸೌದೆ ಕೆಳಗೆ. ಎಲ್ಲವೂ ಉಲ್ಟಾ.

ಮಣಿಕಟ್ಟಿನಷ್ಟು ದಪ್ಪದ ಎರಡು ಸೌದೆಯನ್ನು ಒಂದು ಗೇಣು ಬಿಟ್ಟು ಪಕ್ಕಪಕ್ಕ ಇಡಿ. ಅವುಗಳ ಮೇಲೆ ಅಡ್ಡಡ್ಡ ಹೆಬ್ಬೆರಳು ದಪ್ಪದ ನಾಲ್ಕೈದು. ಅದರ ಮೇಲೆ ಮತ್ತೆ ಅಡ್ಡಕ್ಕೆ ಪೆನ್ಸಿಲ್‌ನಂಥ ಪುಳ್ಳೆ, ಒಂದು ಹಿಡಿ. ತುದಿಯಲ್ಲಿ ತೆಂಗಿನ ನಾರನ್ನು ಗೂಡಿನ ಹಾಗೆ ಬಿಡಿಸಿ, ನಡುವೆ ಒಂದು ಬಿಲ್ಲೆ ಕರ್ಪೂರ. ಹಚ್ಚಿ. ಆಮೇಲೆ ಹತ್ತು ನಿಮಿಷ ಸುಮ್ನೆ ಕೂತಿರಿ. ಕೆದಕಬೇಡಿ, ಬೀಸಬೇಡಿ. ನಮ್ಮ ಗಂಡಸರಿಗೆ ಇದೇ ಕಷ್ಟ, ಕೈಗೆ ಕೋಲು ಸಿಕ್ಕರೆ ಕೆದಕಲೇಬೇಕು.

ಉರಿ ಕೆಳಗಿಳಿದು ದಪ್ಪ ಸೌದೆ ಹಿಡಿದ ಮೇಲೆ ಒಂದೊಂದೇ ತುಂಡು ಸೇರಿಸಿ. ಮಂಕಾದರೆ ನಮ್ಮಜ್ಜಿ ಹಂಡೆ ಒಲೆಗೆ ಮಾಡುತ್ತಿದ್ದ ಹಾಗೆ ಊದುಕೊಳವೆಯಲ್ಲಿ ಕೆಂಡದ ಬುಡಕ್ಕೆ ಊದಿ, ಉರಿಗಲ್ಲ. ಪೆಟ್ರೋಲ್ ಅಂತೂ ಹತ್ತಿರಕ್ಕೂ ತರಬೇಡಿ. ಅದರ ಆವಿ ನೆಲದ ಮೇಲೆ ಹರಡಿ ನಿಮ್ಮ ಕಾಲ ಬಳಿಯೇ ಹೊತ್ತಿಕೊಳ್ಳಬಹುದು. ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಏಳುವ ಮುಂಚೆ ಕೆಂಡ ಹರಡಿ, ನೀರು ಚಿಮುಕಿಸಿ, ಕಲಸಿ, ಮತ್ತೆ ಚಿಮುಕಿಸಿ. ಬೂದಿಯನ್ನು ಮಾರನೇ ದಿನವೂ ನಂಬಬೇಡಿ. ತಣ್ಣಗಿದೆ ಅಂದುಕೊಂಡು ನಾನು ಬೆಳಿಗ್ಗೆ ಪ್ಲಾಸ್ಟಿಕ್ ಡಸ್ಟ್‌ಬಿನ್‌ಗೆ ಸುರಿದೆ. ಮಧ್ಯಾಹ್ನದ ಹೊತ್ತಿಗೆ ಡಸ್ಟ್‌ಬಿನ್ ಸೊಂಟ ಮುರಿದವರ ಹಾಗೆ ವಾಲಿತ್ತು. ಮುಚ್ಚಳ ಇರುವ ಕಬ್ಬಿಣದ ಬಕೆಟ್ಟೇ ಸರಿ.

ಏಪ್ರಿಲ್ ಮಳೆಗೆ ಮುಂಚೆ ಗುಂಡಿಗೊಂದು ತಗಡು ಮುಚ್ಚಿ, ಮೇಲೆ ಇಟ್ಟಿಗೆ ಹೇರಿ. ಮತ್ತೆ ಹಚ್ಚುವ ದಿನ ತಗಡು ಎತ್ತಿ ಮೊದಲು ಟಾರ್ಚ್ ಬಿಡಿ. ನಮ್ಮ ಗುಂಡಿಯಲ್ಲಿ ಪ್ರತಿ ವರ್ಷವೂ ಒಂದು ಕಪ್ಪೆ ಕೂತಿರುತ್ತದೆ.