ಬೇರು ಕಡಿಯುವ ಮೊದಲು ಸೋರಿಕೆ ಹುಡುಕಿ

ಗಟ್ಟಿಯಾಗಿರುವ ಪೈಪನ್ನು ಒಡೆದು ಒಳಗೆ ಹೋಗುವ ಶಕ್ತಿ ಮರದ ಬೇರಿಗೆ ಇಲ್ಲ. ಪೈಪು ಮೊದಲು ಸೋರುತ್ತದೆ, ಸುತ್ತಲ ಮಣ್ಣು ಒದ್ದೆಯಾಗುತ್ತದೆ, ಬೇರು ಅಲ್ಲಿಗೆ ಬರುತ್ತದೆ. ಕೂದಲೆಳೆಯಷ್ಟು ಸಂದಿ ಸಿಕ್ಕರೆ ಒಳಗಿಳಿಯುತ್ತದೆ, ಆಮೇಲೆ ದಪ್ಪಗಾಗುತ್ತಾ ಸಂದಿಯನ್ನು ಅಗಲ ಮಾಡುತ್ತದೆ. "ಬೇರು ಪೈಪ್ ಒಡೆದುಹಾಕಿದೆ, ಮರ ತೆಗೆಸಿಬಿಡೋಣ" ಅಂತ ಯಾರಾದರೂ ಕರೆದಾಗ ನಾನು ಗರಗಸಕ್ಕಿಂತ ಮುಂಚೆ ಚೀಲಕ್ಕೆ ಹಾಕಿಕೊಳ್ಳುವುದು ಒಂದು ಪೊಟ್ಟಣ ಓಕುಳಿ ಬಣ್ಣ, ಒಂದು ಸೀಮೆಸುಣ್ಣ.

ಬೆಂಗಳೂರಿನ ಹಳೆ ಬಡಾವಣೆಗಳ 30×40 ಸೈಟಿನ ಮನೆಗಳಲ್ಲಿ ನೆಲದೊಳಗೆ ಹೆಚ್ಚಾಗಿ ಸಿಗುವುದು ಸ್ಟೋನ್‌ವೇರ್ ಪೈಪು. ಎರಡೆರಡು ಅಡಿಯ ತುಂಡುಗಳು, ಪ್ರತಿ ಸೇರುವೆಗೂ ಸಿಮೆಂಟ್ ಗಾರೆ. ಇಪ್ಪತ್ತು ಅಡಿ ಸಾಲಿನಲ್ಲಿ ಸುಮಾರು ಹತ್ತು ಸೇರುವೆ. ಮಣ್ಣು ಸ್ವಲ್ಪ ಕುಸಿದರೂ ಮೊದಲು ಬಿರುಕು ಬಿಡುವುದು ಆ ಗಾರೆ. ಬಾತ್‌ರೂಮಿಗೆ ವರ್ಷಾನುಗಟ್ಟಲೆ ಆಸಿಡ್ ಸುರಿದ ಮನೆಗಳಲ್ಲಿ ಗಾರೆ ಉಗುರಿನಲ್ಲಿ ಕೆರೆದರೆ ಉದುರುತ್ತದೆ.

ಪರೀಕ್ಷೆ ಹೀಗೆ. ಕೆಳಗಿನ ಚೇಂಬರ್‌ಗೆ (ಒಳಚರಂಡಿ ಸಾಲಿನ ಮುಚ್ಚಳವಿರುವ ತೊಟ್ಟಿಗೆ) ಬಂದು ಬೀಳುವ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒದ್ದೆ ಗೋಣಿಚೀಲ ಬಿಗಿಯಾಗಿ ತುರುಕಿ. ಮೇಲಿನ ಚೇಂಬರ್‌ನಲ್ಲಿ ಪೈಪು ಮುಳುಗಿ ಇನ್ನೂ ನಾಲ್ಕು ಇಂಚು ನಿಲ್ಲುವಷ್ಟು ಬಣ್ಣದ ನೀರು ತುಂಬಿ, ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಹತ್ತು ನಿಮಿಷ ಬಿಡಿ. ಒಣಗಿದ ಗೋಡೆ ನೀರು ಹೀರುವುದರಿಂದ ಮೊದಲ ಇಳಿತವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮತ್ತೆ ಗೆರೆಗೆ ತುಂಬಿ ಅರ್ಧ ಗಂಟೆ ಕಾಯಿರಿ. ಆಗಲೂ ಒಂದೆರಡು ಇಂಚು ಇಳಿದರೆ ಸಾಲು ಸೋರುತ್ತಿದೆ. ಕುಡಿಯುವ ನೀರಿನ ಪೈಪಿಗೆ ಬೇರೆ ಉಪಾಯ: ಕಾವೇರಿ ನೀರು ಬಿಡುವ ದಿನ ಸಂಪಿನ ವಾಲ್ವ್ ಮುಚ್ಚಿ ಮೀಟರ್ ನೋಡಿ, ಗಂಟೆ ಬಿಟ್ಟು ಮತ್ತೆ ನೋಡಿ, ಮೀಟರ್ ಮುಂದೆ ಹೋಗಿದ್ದರೆ ಸೋರಿಕೆ ಇದೆ. ನೀರು ಬಿಡದ ದಿನ ನೋಡಿ "ಮುಳ್ಳು ತಿರುಗುತ್ತಿಲ್ಲ, ಸೋರಿಕೆ ಇಲ್ಲ" ಎನ್ನುವವರೇ ಜಾಸ್ತಿ.

ಎಲ್ಲಿ ಅಗೆಯಬೇಕೆಂದು ಹೇಳುವುದು ಬಿದಿರಿನ ದಬ್ಬೆ. ಚೇಂಬರ್‌ನಿಂದ ಒಳಗೆ ನೂಕಿ, ಅಡ್ಡ ಸಿಕ್ಕಿದ ಕಡೆ ದಬ್ಬೆಗೆ ಗುರುತು ಹಾಕಿ, ಹೊರಗೆಳೆದು ಅಳೆಯಿರಿ. ಆಮೇಲೆ ತುದಿಗೆ ಕೊಕ್ಕೆ ಕಟ್ಟಿ ಬೇರನ್ನು ಎಳೆದರೆ ಹೆಂಗಸರ ಚೌರಿಯಂಥ ಒಂದು ಜೊಂಪೆ ಬರುತ್ತದೆ. ಮೂರು ನಾಲ್ಕು ಅಡಿ ಉದ್ದ, ಬೂದು ಬಣ್ಣ, ಜಿಡ್ಡು, ಸೋಪಿನ ನೊರೆ ಅಂಟಿಕೊಂಡಿರುತ್ತದೆ. ಅದನ್ನು ಎಸೆಯಬೇಡಿ, ತೊಳೆದು ಬುಡ ನೋಡಿ. ಇಷ್ಟು ದೊಡ್ಡ ಜೊಂಪೆ ಬಹಳ ಸಲ ಒಂದೇ ಒಂದು ಎಳೆಯಿಂದ ಬೆಳೆದಿರುತ್ತದೆ. ಆ ಎಳೆ ಸಂದಿಯಲ್ಲಿ ತೂರಿದ ಜಾಗದಲ್ಲಿ ಲಾಡಿಯ ಹಾಗೆ ಚಪ್ಪಟೆ, ಎರಡೂ ಪಕ್ಕ ಪೆನ್ಸಿಲಿನಂತೆ ದುಂಡಗೆ. ಚಪ್ಪಟೆ ಕುತ್ತಿಗೆ ಬಂದಿದ್ದರೆ ಬೇರು ಸೇರುವೆಯಲ್ಲೇ ಕಿತ್ತಿದೆ ಎಂದರ್ಥ, ದಬ್ಬೆಯ ಅಳತೆ ನಂಬಬಹುದು. ಬಾರದಿದ್ದರೆ ಬುಡ ಇನ್ನೂ ಒಳಗಿದೆ.

ಹೊಸದಾಗಿ ಮುರಿದ ಕಡೆ ಹಾಲು ಜಿನುಗಿದರೆ ಹೆಚ್ಚಾಗಿ ಅರಳಿ, ಅತ್ತಿ, ಗೋಣಿ ಜಾತಿ. ಸಣ್ಣ ಎಳೆಗಳಲ್ಲಿ ಗಂಟುಗಳಿದ್ದರೆ ಹೊಂಗೆ ಇರಬಹುದು. ಮನೆಗೆ ಹತ್ತಿರದ ಹೊಂಗೆಯ ಮೇಲೆ ಆರೋಪ ಹೊರಿಸಿರುತ್ತಾರೆ, ಬೇರು ನೋಡಿದರೆ ಹಿಂದಿನ ಓಣಿಯ ಅರಳಿಯದು. ತೆಂಗಿನ ಬೇರು ವರ್ಷ ಕಳೆದಂತೆ ದಪ್ಪಗಾಗುವುದಿಲ್ಲ. ಪೈಪು ತುಂಬಬಲ್ಲದು, ಆದರೆ ಗೋಡೆ ಎತ್ತುವ ಕೆಲಸ ಅದರದಲ್ಲ.

ಅಡಿಕೆ ತೋಟದವರ ಮನೆಯಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಇದ್ದೇ ಇರುತ್ತದೆ, ಅದನ್ನೇ ಪೈಪಿಗೆ ಸುರಿಯುತ್ತಾರೆ. ಒಳಗಿನ ಎಳೆಗಳು ಸಾಯುತ್ತವೆ, ನಿಜ. ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವೂ ಸಾಯುತ್ತವೆ, ಸಂದಿ ಹಾಗೇ ಉಳಿಯುತ್ತದೆ, ಮುಂದಿನ ಮಳೆಗಾಲಕ್ಕೆ ಹೊಸ ಬೇರು. ಯಂತ್ರದಲ್ಲಿ ಕತ್ತರಿಸಿ ಸುಮ್ಮನಾದರೂ ಅಷ್ಟೇ, ಕತ್ತರಿಸಿದ ಕಡೆಯಿಂದ ಕವಲೊಡೆದು ಮೊದಲಿಗಿಂತ ದಟ್ಟವಾಗಿ ಬರುತ್ತದೆ. ಕಟ್ಟಿಕೊಂಡಿರುವುದು ರಸ್ತೆಯ ಮ್ಯಾನ್‌ಹೋಲ್ ಆದರೆ ರಭಸದ ನೀರು ಹಾಯಿಸಿ ತೆರವು ಮಾಡುವ ಜೆಟ್ಟಿಂಗ್ ಯಂತ್ರವನ್ನೇ ಕರೆಸಿ. ಸುರಕ್ಷತಾ ಸಾಧನಗಳಿಲ್ಲದೆ ಆಳನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ, ಒಳಗಿನ ವಿಷಗಾಳಿಗೆ ಜೀವವೇ ಹೋಗುತ್ತದೆ.

ಒಂದು ಸೇರುವೆಯಲ್ಲಿ ಬೇರು ಸಿಕ್ಕಿದರೆ ಆ ಸಾಲನ್ನೇ ಬದಲಾಯಿಸುತ್ತೇನೆ. ತೇಪೆ ಹಾಕುವುದು ಕೂಲಿ ದಂಡ. ಮೈಮೇಲೆ ಐಎಸ್ 15328 ಎಂದು ಅಚ್ಚಾಗಿರುವ, ನೆಲದೊಳಗಿನ ಒಳಚರಂಡಿಗೆಂದೇ ಬರುವ 160 ಎಂಎಂ ಯುಪಿವಿಸಿ ಪೈಪು ತನ್ನಿ. ಕಾರು ನಿಲ್ಲುವ ಜಾಗವಾದರೆ ಹೆಚ್ಚು ಗಡುಸಾದ ಎಸ್‌ಎನ್ 8 ದರ್ಜೆ. ಮುಖ್ಯ ವಿಷಯ: ಆರು ಮೀಟರಿನ ಪೂರ್ತಿ ಪೈಪು ತರಿಸಿ, ಅದರ ನಡುಭಾಗ ಮರದ ಎದುರಿಗೆ ಬರುವಂತೆ ಹಾಕಿ. ಬೇರು ಹೆಚ್ಚಿರುವ ಕಡೆ ಸೇರುವೆಯೇ ಇರಬಾರದು. ಇಳಿಜಾರು 60ಕ್ಕೆ 1, ಅಂದರೆ ಆರು ಮೀಟರಿಗೆ ಹತ್ತು ಸೆಂಟಿಮೀಟರ್, ಲೆವೆಲ್ ಟ್ಯೂಬಿನಲ್ಲಿ ನೋಡಿ. ಕೆಳಗೆ ನಾಲ್ಕು ಇಂಚು ಎಂ-ಸ್ಯಾಂಡ್, ಪಕ್ಕಕ್ಕೂ ಅದನ್ನೇ ತುಂಬಿ ದಮ್ಮಸ್ಸು ಮಾಡಿ, ಮೇಲೆ ಇನ್ನೊಂದು ಅರ್ಧ ಅಡಿ. ಅಗೆದ ಮಣ್ಣನ್ನು ಕಲ್ಲು ಸಮೇತ ಪೈಪಿನ ಮೇಲೆ ತಳ್ಳಿದರೆ ಪೈಪು ಅಂಡಾಕಾರಕ್ಕೆ ಬಂದು ರಬ್ಬರ್ ರಿಂಗ್ ಸಡಿಲವಾಗುತ್ತದೆ. ರಿಂಗಿಗೆ ಸೋಪಿನ ನೀರು ಸವರಿ, ಪೈಪನ್ನು ಪೂರ್ತಿ ತಳ್ಳಿ, ಹತ್ತು ಎಂಎಂ ಹಿಂದಕ್ಕೆ ಎಳೆದು ಬಿಡಿ.

ಇಷ್ಟೆಲ್ಲ ಮಾಡಿಯೂ ಮೂರು ವರ್ಷಕ್ಕೆ ಮತ್ತೆ ಬೇರು ಬಂದರೆ ಅದು ಬಂದದ್ದು ಪೈಪು ಚೇಂಬರ್ ಗೋಡೆಗೆ ಸೇರುವ ಜಾಗದಿಂದ. ನುಣುಪಾದ ಪ್ಲಾಸ್ಟಿಕ್ಕಿಗೆ ಗಾರೆ ಕಚ್ಚುವುದಿಲ್ಲ, ಒಣಗಿದ ಮೇಲೆ ಸುತ್ತಲೂ ಕಾಗದದಷ್ಟು ಸಂದಿ ಬಿಡುತ್ತದೆ. ಹಿಂದಿನ ದಿನವೇ ಪೈಪಿನ ಕೊನೆಯ ಒಂದು ಅಡಿಗೆ ಸಾಲ್ವೆಂಟ್ (ಪಿವಿಸಿ ಪೈಪಿನ ಅಂಟು) ಬಳಿದು, ಒಣಗುವ ಮೊದಲು ಒಣ ಮರಳಿನಲ್ಲಿ ಹೊರಳಿಸಿ. ಚಕ್ಕುಲಿಯ ಹಾಗೆ ತರಿತರಿಯಾದ ಆ ಮೈಗೆ ಗಾರೆ ಹಿಡಿಯುತ್ತದೆ. ಹತ್ತು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಇನ್ನು ಬೇರು ಕಡಿಯುವ ವಿಚಾರ. ಬೇರಿನ ಹೆಚ್ಚಿನ ಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತದೆ, ಉಸಿರಾಟಕ್ಕೆ ಗಾಳಿ ಅಲ್ಲಿದೆ. ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ ತೆಗೆದುಕೊಂಡು 3.14ರಿಂದ ಭಾಗಿಸಿ. ಸುತ್ತಳತೆ 150 ಸೆಂ.ಮೀ. ಇದ್ದರೆ ಅಡ್ಡಳತೆ ಸುಮಾರು 48. ಅದರ ಮೂರು ಪಟ್ಟು, ಅಂದರೆ ಹತ್ತಿರ ಹತ್ತಿರ ಒಂದೂವರೆ ಮೀಟರ್ ಒಳಗೆ ಏನನ್ನೂ ಕಡಿಯುವುದಿಲ್ಲ. ಮರ ನಿಂತಿರುವುದೇ ಆ ಬೇರುಗಳ ಮೇಲೆ. ಐದು ಪಟ್ಟು ದೂರ ಬಿಟ್ಟರೆ ಧೈರ್ಯ. ಒಂದು ವರ್ಷಕ್ಕೆ ಒಂದೇ ಪಕ್ಕ. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಕಡಿಯುವ ಬದಲು ಅದರ ಅಡಿಯಲ್ಲಿ ಪೈಪು ತೂರಿಸಲು ಆಗುತ್ತದೆಯೇ ನೋಡಿ, ಬಹಳ ಸಲ ಆಗುತ್ತದೆ. ಜೆಸಿಬಿ ಬೇಡವೇ ಬೇಡ. ಬಕೆಟ್ಟು ಬೇರನ್ನು ಕತ್ತರಿಸುವುದಿಲ್ಲ, ಎಳೆದು ಸೀಳುತ್ತದೆ. ಸೀಳು ಕಾಂಡದ ಕಡೆಗೆ ಹೋಗಿ ಅಲ್ಲಿಂದ ಕೊಳೆತ ಶುರು. ಕೈಯಲ್ಲಿ ಅಗೆದು, ಹರಿತ ಗರಗಸದಲ್ಲಿ ಅಡ್ಡಕ್ಕೆ ನೇರವಾಗಿ ಕತ್ತರಿಸಿ, ಗುಂಡಿ ಮುಚ್ಚುವವರೆಗೆ ಒದ್ದೆ ಗೋಣಿ ಹೊದಿಸಿ. ಕತ್ತರಿಸಿದ ತುದಿಗೆ ಟಾರು, ಪೇಂಟು ಬಳಿಯುವುದು ಅನವಶ್ಯಕ.

ಬೆಂಗಳೂರಿನಲ್ಲಿ ಇದಕ್ಕೆ ನವೆಂಬರ್ ಕೊನೆಯಿಂದ ಜನವರಿ ಸರಿಯಾದ ಕಾಲ. ಮಣ್ಣಿನಲ್ಲಿ ಪಸೆ ಇರುತ್ತದೆ, ಗಾಳಿ ಕಡಿಮೆ. ಮಾರ್ಚ್‌ನಲ್ಲಿ ಒಂದು ಪಕ್ಕದ ಬೇರು ಕಡಿದರೆ ಏಪ್ರಿಲ್-ಮೇ ತಿಂಗಳ ಬಿರುಗಾಳಿ ಮಳೆಗೆ ಮರ ಇನ್ನೊಂದು ಪಕ್ಕಕ್ಕೆ ಮಲಗುತ್ತದೆ. ಬೀದಿ ಮರವಾದರೆ ಮೊದಲು ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ. ನಿಮ್ಮ ಸೈಟಿನೊಳಗಿನ ಮರ ಕಡಿಯಲಿಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು.

ಬೇರು ಕತ್ತರಿಸಿದ ಗುಂಡಿಯಲ್ಲೇ, ಅದು ಮತ್ತೆ ಮನೆಯ ಕಡೆ ಬಾರದಂತೆ ತಡೆಹಾಳೆ ನಿಲ್ಲಿಸಿಬಿಡುತ್ತೇನೆ. ಕೃಷಿಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆ ಅಗ್ಗ, ಆದರೆ ಮಣ್ಣು ತುಂಬುವಾಗ ಕಲ್ಲು ತಗುಲಿ ತೂತಾಗುತ್ತದೆ, ಮಡಿಕೆ ಬೀಳುತ್ತದೆ. ಒಂದು ಎಂಎಂ ದಪ್ಪದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ ಒಳ್ಳೆಯದು. ಆಳ 75 ಸೆಂ.ಮೀ., ಮೇಲಂಚು ನೆಲದಿಂದ ಐದು ಸೆಂ.ಮೀ. ಎದ್ದಿರಬೇಕು. ಅಂದ ಕೆಡುತ್ತದೆಂದು ಮಣ್ಣಿನಲ್ಲಿ ಮುಚ್ಚಿದರೆ ಬೇರು ಹಾಳೆಯ ಮೇಲೆ ಹತ್ತಿ ದಾಟುತ್ತದೆ. ಎರಡು ಹಾಳೆ ಕೂಡುವಲ್ಲಿ ತುದಿಗಳನ್ನು ಒಟ್ಟಿಗೆ ಮಡಚಿ, ಅಲ್ಯೂಮಿನಿಯಂ ಪಟ್ಟಿ ಇಟ್ಟು ಸ್ಕ್ರೂ ಹಾಕಿ. ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಸಾಲದು. ಮನೆಯ ಕಡೆ ಮಣ್ಣನ್ನು ಬಿಗಿಯಾಗಿ ದಮ್ಮಸ್ಸು ಮಾಡಿ, ಮರದ ಕಡೆ ಸಡಿಲ ಬಿಡಿ. ಮರವನ್ನು ಸುತ್ತುವರಿಯಬೇಡಿ, ಮನೆಯ ಕಡೆ ಒಂದು ನೇರ ಗೆರೆ ಸಾಕು.

ಬೇರು ಮೇಲೆತ್ತಿದ ಕಾಂಪೌಂಡ್ ಗೋಡೆಗೆ ಬೇರೆ ದಾರಿ. ಬೇರು ಹಾದ ಜಾಗದಲ್ಲಿ ಗೋಡೆ ಬಿಚ್ಚಿ, ಎರಡೂ ಪಕ್ಕ ಎರಡು ಮೀಟರ್ ಅಂತರದಲ್ಲಿ ಪುಟ್ಟ ಕಂಬದ ಪಾಯ ಹಾಕಿ, ನಡುವೆ ತೊಲೆ. ಐದು ಅಡಿ ಎತ್ತರದ, ಆರು ಇಂಚಿನ ಬ್ಲಾಕ್ ಗೋಡೆಗೆ 200×230 ಎಂಎಂ ಕಾಂಕ್ರೀಟ್ ತೊಲೆ, 12 ಎಂಎಂನ ನಾಲ್ಕು ಸರಳು, ಆರು ಇಂಚಿಗೊಂದು 8 ಎಂಎಂ ರಿಂಗು ಹಾಕುತ್ತೇನೆ. ಬೇರಿಗೂ ತೊಲೆಗೂ ನಾಲ್ಕು ಇಂಚು ಅಂತರ. ಅದಕ್ಕೆ ಥರ್ಮಾಕೋಲ್ ಇಟ್ಟರೆ ಬೇರು ದಪ್ಪಗಾದಾಗ ಥರ್ಮಾಕೋಲ್ ಕುಗ್ಗುತ್ತದೆ, ಗೋಡೆ ಏಳುವುದಿಲ್ಲ. ಮನೆಯ ಭಾರ ಹೊತ್ತ ಗೋಡೆಗೆ ಈ ಲೆಕ್ಕ ಹಾಕಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ಬೇಕು.

ಇವೆಲ್ಲ ಕೆಂಪು ಮಣ್ಣಿನ ಮಾತು. ಧಾರವಾಡ, ಗದಗ, ವಿಜಯಪುರದ ಎರೆ ಮಣ್ಣಿನಲ್ಲಿ ಬೇರು ಪಾಯವನ್ನು ಮುಟ್ಟಬೇಕೆಂದೇ ಇಲ್ಲ. ಬೇಸಿಗೆಯಲ್ಲಿ ಮರ ನೀರೆಳೆದು ಮಣ್ಣು ಕುಗ್ಗುತ್ತದೆ, ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು, ಮೇಲೆ ಅಗಲ, ಕೆಳಗೆ ಸಣ್ಣ. ಮಳೆಗೆ ಅರ್ಧ ಮುಚ್ಚಿಕೊಳ್ಳುತ್ತದೆ. ಅಲ್ಲಿ ದೊಡ್ಡ ಮರವನ್ನು ಒಮ್ಮೆಲೇ ತೆಗೆದರೆ ಮಣ್ಣು ನೀರು ಕುಡಿದು ಉಬ್ಬಿ ಪಾಯವನ್ನು ಮೇಲೆತ್ತುತ್ತದೆ. ಬಿರುಕಿನ ಎರಡು ಪಕ್ಕಕ್ಕೆ ಒಂದೊಂದು ಸ್ಕ್ರೂ ಹಾಕಿ, ತಿಂಗಳಿಗೊಮ್ಮೆ ಅಂತರ ಅಳೆದು, ಒಂದು ವರ್ಷದ ಲೆಕ್ಕ ಕೈಯಲ್ಲಿಟ್ಟುಕೊಂಡ ಮೇಲೆಯೇ ಮರದ ಮಾತು.

ಹೊಸ ಪೈಪು ಹಾಕಿದ ಮನೆಗೆ ಆರು ತಿಂಗಳಿಗೊಮ್ಮೆ ಹೋಗಿ ಚೇಂಬರ್ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ಪೈಪಿನ ಬಾಯಿಯ ಸುತ್ತ ನೋಡುತ್ತೇನೆ. ಬಿಳಿ ತುದಿಯ ಎಳೆ ಕಂಡರೆ ಅದು ಬದುಕಿರುವ ಬೇರು. ಆ ಗಾರೆಯನ್ನು ಅಂದೇ ಕೆತ್ತಿ ತೆಗೆದು ಮತ್ತೆ ತುಂಬಬೇಕು. ಕಂದು ಬಣ್ಣಕ್ಕೆ ತಿರುಗಿ, ಚಿವುಟಿದರೆ ಪುಡಿಯಾದರೆ, ಅದು ಹಳೆಯದು.